ಬಿಳಿ ಪೆಟ್ಟಿಗೆಯ ಕೆಮ್ಮು

ಮನುಷ್ಯ ಕೆಮ್ಮುವುದನ್ನು ಎಲ್ಲರೂ ಕೇಳಿರುತ್ತೀರಿ. ಬರೀ ಶ್ವಾಸಕೋಶ ಕೆಮ್ಮುವುದನ್ನು ಕೇಳಿದ್ದೀರಾ? ಅದಕ್ಕೆ ಬಾಯಿಲ್ಲ, ಮುಖವಿಲ್ಲ, ಕೆಮ್ಮುವಾಗ ಹಿಡಿದುಕೊಳ್ಳಲು ಎದೆಯೂ ಇಲ್ಲ. ಗಾಜಿನ ಪೆಟ್ಟಿಗೆಯೊಳಗಿನ ಮುಷ್ಟಿಗಾತ್ರದ ಮಾಂಸದ ಮುದ್ದೆ ಇದ್ದಕ್ಕಿದ್ದಂತೆ ಸೆಟೆದುಕೊಂಡು, ಮುದುಡಿ, ಗಾಳಿಯ ಕೊಳವೆಯಿಂದ 'ಖೊಕ್' ಎಂದು ಸದ್ದು ಹೊರಡಿಸುತ್ತದೆ. ದಸರಾ ರಜೆ ಮುಗಿಸಿ ಕೆಲಸಕ್ಕೆ ಬಂದ ಬೆಳಗ್ಗೆ ನಾನು ಅದನ್ನು ಮೊದಲ ಸಲ ಕೇಳಿದೆ. ಕೈಯಲ್ಲಿದ್ದ ಕಾಫಿ ಸೀರೆಯ ಮೇಲೆ ಚೆಲ್ಲಿತು. ತಿರುಗಿ ನೋಡಿದರೆ ಕೋಣೆಯಲ್ಲಿ ನಾನೊಬ್ಬಳೇ.

"ಯಾರದು?" ಎಂದು ಜೋರಾಗಿ ಕೂಗಿದೆ. ತಲೆ ನರೆತ ವಿಜ್ಞಾನಿಯೊಬ್ಬಳು ಪೆಟ್ಟಿಗೆಗಳ ಸಾಲಿಗೆ ಯಾರದು ಎಂದು ಕೇಳುವುದು! ಈಗ ನೆನೆದರೆ ನಗು ಬರುತ್ತದೆ; ಆಗ ಬರಲಿಲ್ಲ. ನನಗೆ ಉತ್ತರ ಕೊಡುವಂತೆ ಅದು ಮತ್ತೊಮ್ಮೆ ಕೆಮ್ಮಿತು. ಬಿಳಿ ಚೀಟಿ ಅಂಟಿಸಿದ ಪೆಟ್ಟಿಗೆ. ಇಡೀ ಸಾಲಿನಲ್ಲಿ ಕೆಮ್ಮಲೇಬಾರದ ಪೆಟ್ಟಿಗೆ ಎಂದರೆ ಅದೊಂದೇ. ಅದರೊಳಗಿದ್ದದ್ದು ನನ್ನ ಮಗನ ಶ್ವಾಸಕೋಶ.

ಗಾಬರಿಯಾಗಬೇಡಿ, ಮಗನ ಎದೆ ಬಗೆದು ತಂದದ್ದಲ್ಲ. ಬಿಡಿಸಿ ಹೇಳುತ್ತೇನೆ.

ನನ್ನ ಹೆಸರು ಗಿರಿಜಾಂಬ. ಮೈಸೂರಿನ ಹೊರವಲಯದಲ್ಲಿ, ಕಾಲುವೆಯ ಆಚೆ ದಡದಲ್ಲಿ ನಮ್ಮ ಉಸಿರು ಸಂಶೋಧನಾಲಯವಿದೆ. ಮೂವತ್ತು ವರ್ಷ ಕಳೆದ ಮೇಲೆ ನಿಮ್ಮ ಶ್ವಾಸಕೋಶ ಹೇಗಿರುತ್ತದೆ ಎಂಬುದನ್ನು ಇವತ್ತೇ ಕಣ್ಣಾರೆ ನೋಡುವಂತಿದ್ದರೆ? ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ನನ್ನ ಅರ್ಧ ಆಯುಷ್ಯ ಕಳೆದಿದೆ. ಕೊನೆಗೆ ದಾರಿ ಸಿಕ್ಕಿತು. ಒಬ್ಬರ ಮೂಗಿನೊಳಗಿಂದ ಹತ್ತಿಕಡ್ಡಿಯಲ್ಲಿ ಒಂದಿಷ್ಟು ಜೀವಕೋಶ ಕೆರೆದು ತೆಗೆದು, ಪೋಷಕ ದ್ರವದಲ್ಲಿಟ್ಟು ಬೆಳೆಸಿದರೆ, ಅವರದೇ ಪುಟ್ಟ ಶ್ವಾಸಕೋಶವೊಂದು ತಯಾರಾಗುತ್ತದೆ. ಅದಕ್ಕೆ ನಾವು 'ಜೋಡಿ' ಎನ್ನುತ್ತೇವೆ. ಅದರ ಒಡೆಯರ ಕೊರಳಿಗೆ ಹುಣಸೆಬೀಜದಷ್ಟು ದೊಡ್ಡ ಮಣಿಯೊಂದನ್ನು ಕಟ್ಟುತ್ತೇವೆ. ಅವರು ಏನನ್ನು ಉಸಿರಾಡಿದರೂ ಮಣಿ ಅದನ್ನು ಮೂಸಿ ನಮಗೆ ಸುದ್ದಿ ಕಳಿಸುತ್ತದೆ. ಇಲ್ಲಿರುವ ಯಂತ್ರ ಅದೇ ಗಾಳಿಯನ್ನು ಬೆರೆಸಿ ಜೋಡಿಗೆ ಕುಡಿಸುತ್ತದೆ. ಆದರೆ ಒಂದು ಸಲ ಅಲ್ಲ, ಹತ್ತಾರು ಸಲ, ಭರಭರನೆ. ಒಡೆಯರಿಗೆ ಒಂದು ವಾರ ಕಳೆದರೆ ಜೋಡಿಗೆ ಹೆಚ್ಚುಕಡಿಮೆ ಒಂದು ವರ್ಷ ಕಳೆದಿರುತ್ತದೆ. ಅಂದರೆ ಜೋಡಿ ಮುಂದೆ ಮುಂದೆ ಓಡಿಹೋಗಿ, ನಿಮಗೆ ಏನು ಕಾದಿದೆ ಎಂಬುದನ್ನು ನೋಡಿಕೊಂಡು ಬಂದು ಹೇಳುತ್ತದೆ.

ಸರ್ಕಲ್ಲಿನಲ್ಲಿ ನಿಂತು ನಿಂತು ಹೊಗೆ ಕುಡಿಯುವ ಪೊಲೀಸಿನವರೊಬ್ಬರ ಜೋಡಿ ನಮ್ಮಲ್ಲಿತ್ತು. ಹೋಟೆಲಿನ ಒಲೆ ಮುಂದೆ ನಿಲ್ಲುವ ಭಟ್ಟರದಿತ್ತು. ದಿನವಿಡೀ ಧೂಪದ ನಡುವೆ ಇರುವ ದೇವಸ್ಥಾನದ ಅರ್ಚಕರೊಬ್ಬರದೂ ಇತ್ತು. ಇವನ್ನೆಲ್ಲ ಹೋಲಿಸಿ ನೋಡಲು ಯಾವ ಹೊಗೆಯೂ ತಾಕದ ಆರೋಗ್ಯವಂತನ ಜೋಡಿಯೊಂದು ಬೇಕು. ಬಿಳಿ ಚೀಟಿಯ ಪೆಟ್ಟಿಗೆ ಅದೇ. ಅದಕ್ಕೆ ಯಾರನ್ನು ಹುಡುಕುವುದು ಎಂದಾಗ ನಾನು ಕಣ್ಣು ಮುಚ್ಚಿ ಹೇಳಿದೆ, "ನನ್ನ ಮಗ ಇದಾನಲ್ಲ."

ಮಹದೇವಪ್ರಸಾದ. ಮನೆಯಲ್ಲಿ ಮಾದು. ಬಿ.ಕಾಂ. ಓದುತ್ತಿದ್ದ, ಹದಿನೆಂಟು ತುಂಬಿತ್ತು, ದಸರಾ ಕ್ರೀಡಾಕೂಟದಲ್ಲಿ ಓಡುತ್ತಿದ್ದ. ಕಾಫಿ ಕೂಡ ಕುಡಿಯದ ಹುಡುಗ. ಯುಗಾದಿಯ ಮಾರನೆಯ ದಿನ ನನ್ನ ಕೈಯಾರೆ ಅವನ ಕೊರಳಿಗೆ ಮಣಿ ಕಟ್ಟಿದೆ. ಮೈಯ ಬಿಸಿ ತಪ್ಪಿದರೆ ನಿಯಂತ್ರಣ ಕೊಠಡಿಯಲ್ಲಿ ಗಂಟೆ ಬಾರಿಸುತ್ತದೆ, ಆದ್ದರಿಂದ ಬಿಚ್ಚುವ ಹಾಗಿಲ್ಲ ಎಂದೂ ಹೇಳಿದೆ. "ತಾಳಿ ಕಟ್ಟಿದ ಹಾಗಾಯ್ತಲ್ಲಮ್ಮ" ಎಂದು ನಕ್ಕಿದ್ದ.

ಗಂಟೆಯ ಕಥೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಯಾರ ಮಣಿಗೆ ಕೆಟ್ಟ ಹೊಗೆ ತಾಕಿದರೂ ನಿಯಂತ್ರಣ ಕೊಠಡಿಯ ಗೋಡೆಯ ಮೇಲೆ ಆಯಾ ಪೆಟ್ಟಿಗೆಯ ಕೆಂಪು ದೀಪ ಹತ್ತಿ ಗಂಟೆ ಬಾರಿಸಬೇಕು. ಬಾರಿಸಿತು, ಬಾರಿಸಿತು, ನಮ್ಮ ತಲೆ ಕೆಡುವಷ್ಟು ಬಾರಿಸಿತು. ಏಕೆಂದರೆ ಇದು ಮೈಸೂರು ಮಹಾರಾಯರೇ! ಬೆಳಗಾದರೆ ಅರ್ಧ ಊರು ಊದುಬತ್ತಿ ಹಚ್ಚುತ್ತದೆ; ಸಂಜೆಯಾದರೆ ಉಳಿದರ್ಧ. ಪೊಲೀಸಿನವರ ಹೆಂಡತಿ ದೀಪ ಹಚ್ಚಿದರೆ ಇಲ್ಲಿ ಗಂಟೆ, ಭಟ್ಟರ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಗೆ ಪೂಜೆಯಾದರೆ ಇಲ್ಲಿ ಗಂಟೆ.

ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರ್ ಜುಬೇರ್ ಕಿವಿಗೆ ಹತ್ತಿ ಇಟ್ಟುಕೊಂಡು ಕೂರತೊಡಗಿದಾಗ ನಾನು ಹೇಳಿದೆ, "ಪೂಜೆ ಹೊಗೆಗೆ ವಿನಾಯಿತಿ ಕೊಟ್ಬಿಡಿ ಜುಬೇರ್. ಜೋಡಿಗೆ ಹೋಗೋ ಗಾಳಿ ಹೋಗ್ಲಿ, ಗಂಟೆ ಮಾತ್ರ ಬೇಡ."

"ಊದುಬತ್ತಿ ಪರಿಮಳ ಇದ್ರೆ ಗಂಟೆ ಹೊಡೀಬೇಡ ಅಂತ ಹೇಳಿಕೊಡಬಹುದು ಮೇಡಂ. ಆದ್ರೆ ಅದರ ಜೊತೆಗೆ ಇನ್ನೇನಾದ್ರೂ ಬಂದ್ರೆ?"

"ದೇವರ ಮುಂದೆ ಇನ್ನೇನ್ ಬರುತ್ತೆ? ಕರ್ಪೂರ ಬರುತ್ತೆ."

ಅವರು ನಕ್ಕು ಹಾಗೇ ಮಾಡಿದರು. ಗಂಟೆ ಸುಮ್ಮನಾಯಿತು. ಮನೆಯಲ್ಲಿ ಊಟಕ್ಕೆ ಕೂತಾಗ ಇದನ್ನೊಂದು ತಮಾಷೆಯೆಂಬಂತೆ ಹೇಳಿದೆ. ನನ್ನ ಯಜಮಾನರು ಶಿವಮಲ್ಲು, ಪಿಯು ಕಾಲೇಜಿನಲ್ಲಿ ಚರಿತ್ರೆ ಮೇಷ್ಟ್ರು, ಮಾದಪ್ಪನ ಪರಮ ಭಕ್ತರು. "ನೋಡಿದ್ಯಾ, ದೇವರ ಹೊಗೆ ಅಂದ್ರೆ ಮಿಷನ್ನೂ ಕೈಮುಗಿಯುತ್ತೆ" ಎಂದು ಹಿಗ್ಗಿದರು. ಮಾದು ತಟ್ಟೆಯಿಂದ ತಲೆಯೆತ್ತಿ, "ಹೌದಾಮ್ಮ? ಊದುಬತ್ತಿ ಇದ್ರೆ ಹೊಡೆಯೋದೇ ಇಲ್ವಾ?" ಎಂದ. "ಇಲ್ಲ ಕಣೋ" ಎಂದೆ. ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ.

ಅದಾದ ಸ್ವಲ್ಪ ದಿನಕ್ಕೆ ನನ್ನ ಮಗನಿಗೆ ಭಕ್ತಿ ಹುಟ್ಟಿತು.

ಮಹಡಿಯ ಮೇಲಿನ ತನ್ನ ಕೋಣೆಗೆ ಮಾದಪ್ಪನ ಪಟ ಒಯ್ದ. ಬೆಳಗ್ಗೆ ಒಂದು, ಸಂಜೆ ಒಂದು ಊದುಬತ್ತಿ. ಬಾಗಿಲು ಹಾಕಿಕೊಂಡು ಪ್ರಾರ್ಥನೆ. ಕಾಲೇಜಿನ ಚೀಲದಲ್ಲೂ ಒಂದು ಪೊಟ್ಟಣ. ಕೇಳಿದರೆ, ಕಾಲೇಜಿನ ಹಿಂದೆ ನಾಗರಕಟ್ಟೆ ಇದೆ, ಅಲ್ಲಿ ಹಚ್ಚುತ್ತೇನೆ ಎಂದ. ಅವನಪ್ಪನ ಕಣ್ಣಲ್ಲಿ ನೀರು ಬಂತು. ನಾನೂ ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗಿದೆ. "ಈಗಿನ ಹುಡುಗರಲ್ಲಿ ಯಾರಿದಾರ್ರೀ ಹೀಗೆ?" ಎಂದು ಪಕ್ಕದ ಮನೆಯವರ ಮುಂದೆ ಕತ್ತು ಕೊಂಕಿಸಿದ್ದೇ ಕೊಂಕಿಸಿದ್ದು.

ಈಗ ಆ ಬೆಳಗ್ಗೆಗೆ ವಾಪಸ್ಸು ಬರೋಣ. ಬಿಳಿ ಪೆಟ್ಟಿಗೆ ಕೆಮ್ಮುತ್ತಿತ್ತು. ಜುಬೇರ್ ಓಡಿಬಂದರು. ಚೆನ್ನಾಗಿಯೇ ಇರುತ್ತದೆಂದು ಎಷ್ಟೋ ದಿನದಿಂದ ನೋಡದೆ ಬಿಟ್ಟಿದ್ದ ಪೆಟ್ಟಿಗೆಯ ಮೇಲಿನ ಬಟ್ಟೆ ಸರಿಸಿ ದೀಪ ಹಾಕಿದೆವು. ಸೀಬೆಹಣ್ಣಿನ ತಿರುಳಿನಂತೆ ನಸುಗೆಂಪಗಿರಬೇಕಾದ ಜೋಡಿಯ ಮೇಲೆಲ್ಲ ಬೂದು ಮಚ್ಚೆಗಳು. ಮುಟ್ಟಿದರೆ ಸ್ಪಂಜಿನ ಹಾಗೆ ಮೆತ್ತಗಿರಬೇಕು. ಅಲ್ಲಲ್ಲಿ ಗಂಟು ಗಂಟಾಗಿತ್ತು. ಉಸಿರುನಾಳದೊಳಗೆ ಕಣ್ಣಿಗೆ ಕಾಣದ ಸಣ್ಣ ಸಣ್ಣ ರೋಮಗಳಿರುತ್ತವೆ, ಧೂಳು ಕಫಗಳನ್ನು ಹೊರಕ್ಕೆ ಗುಡಿಸುವ ಪೊರಕೆಗಳು ಅವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಷ್ಟೋ ಕಡೆ ಒಂದೂ ಉಳಿದಿರಲಿಲ್ಲ. ಗುಡಿಸುವವರಿಲ್ಲದೆ ಕೊಳೆ ಒಳಗೇ ಕೂತಿತ್ತು. ಕೆಮ್ಮಿ ಹೊರಹಾಕದೆ ಜೋಡಿಗೆ ಬೇರೆ ದಾರಿ ಇರಲಿಲ್ಲ.

"ಅಯ್ಯೋ, ಆಯುಧಪೂಜೆ!" ಎಂದೆ ನಾನು.

ಹಬ್ಬಕ್ಕೆ ಮುಂಚೆ ನಾವು ಪ್ರಯೋಗಾಲಯದಲ್ಲೂ ಪೂಜೆ ಮಾಡಿದ್ದೆವು. ಯಂತ್ರಕ್ಕೆ ಅರಿಶಿನ ಕುಂಕುಮ, ಚೆಂಡುಹೂವಿನ ಹಾರ, ಎದುರಿಗೆ ಕೆಂಡದಲ್ಲಿ ಸಾಂಬ್ರಾಣಿ. ಯಾರೋ ಅದನ್ನು ಗಾಳಿ ಎಳೆದುಕೊಳ್ಳುವ ಕಿಂಡಿಯ ಹತ್ತಿರ ಇಟ್ಟಿರಬೇಕು, ಹೊಗೆಯೆಲ್ಲ ಒಳಗೆ ನುಗ್ಗಿರಬೇಕು. ನನಗೆ ಹೋದ ಜೀವ ಬಂದಂತಾಯಿತು. ಎಲ್ಲರೂ ಹೌದು ಹೌದು ಎಂದರು. ಕಿಂಡಿ ತೊಳೆಸಿದೆವು, ಜಾಲರಿ ಬದಲಾಯಿಸಿದೆವು.

ಮುಂದಿನ ವಾರ ಕೆಮ್ಮು ಹೆಚ್ಚಾಯಿತು. ಮೊದಲು ಒಂದೊಂದಾಗಿ ಬರುತ್ತಿದ್ದದ್ದು ಈಗ ಸರಣಿಯಾಗಿ ಬರುತ್ತಿತ್ತು. ಕೊನೆಯಲ್ಲೊಂದು ಸೀಟಿಯಂಥ ಸದ್ದು. ಆ ಕೋಣೆಗೆ ಹೋಗದಿರಲು ನಾನು ನೆಪ ಹುಡುಕುತ್ತಿದ್ದೆ. ಒಂದು ದಿನ ಜುಬೇರ್ ಬಾಗಿಲ ಬಳಿ ನಿಂತು, ಮಾತು ನುಂಗುತ್ತ ನುಂಗುತ್ತ ಹೇಳಿದರು.

"ಮೇಡಂ, ತಪ್ಪು ತಿಳ್ಕೋಬೇಡಿ. ಅರ್ಚಕರ ಪೆಟ್ಟಿಗೆ ನೋಡಿದ್ರಾ? ಅವರು ದಿನಾ ಧೂಪದಲ್ಲೇ ಇರ್ತಾರೆ. ಅವರ ಜೋಡಿ ಕಂದಾಗಿದೆ, ನಿಜ, ಒಳ್ಳೇದಲ್ಲ. ಆದ್ರೆ ಹೀಗಾಗಿಲ್ಲ. ಎರಡು ಊದುಬತ್ತಿಗೆ ಇಷ್ಟಾಗಲ್ಲ."

"ಅಂದ್ರೆ?"

"ಅಂದ್ರೆ... ಮಾದು ಏನಾದ್ರೂ..."

"ಜುಬೇರ್! ನನ್ನ ಮಗನ ಮೇಲೆ ಗೂಬೆ ಕೂರಿಸಬೇಡಿ!"

ಆ ಕೂಗಿಗೆ ಹೊರಗಿದ್ದವರೆಲ್ಲ ಇಣುಕಿದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಆದರೆ ಅವತ್ತು ಬಂದದ್ದು ಕೋಪವಲ್ಲ, ಭಯ. ಭಯವಾದಾಗಲೂ ನನಗೆ ಬರುವುದು ಕೂಗೇ. ಜುಬೇರ್ ತಲೆ ತಗ್ಗಿಸಿ ಹೋದರು. ಅವರು ಹೇಳಿದ್ದು ಮಾತ್ರ ಹೋಗಲಿಲ್ಲ. ಆ ವರ್ಷದ ಓಟದಲ್ಲಿ ಮಾದು ಅರ್ಧಕ್ಕೇ ನಿಂತಿದ್ದ. ಕಾಲು ಉಳುಕಿತು ಎಂದಿದ್ದ. ಮನೆಗೆ ಬಂದವನ ಕಾಲು ಊದಿರಲಿಲ್ಲ. ನಾನೇ ಎಣ್ಣೆ ಹಚ್ಚಿ ತಿಕ್ಕಿದ್ದೆ.

ಆದರೂ ನನ್ನ ಮನಸ್ಸು ಒಪ್ಪಲಿಲ್ಲ. ಊದುಬತ್ತಿಯೇ ಕಾರಣ ಎಂದು ಹಟ ಹಿಡಿಯಿತು. ಸರಿ, ಹಾಗಾದರೆ ಊದುಬತ್ತಿಯನ್ನೇ ನಿಲ್ಲಿಸೋಣ, ಆಗ ಜೋಡಿ ಸುಧಾರಿಸುತ್ತದೆ, ಜುಬೇರ್ ಬಂದು ಕ್ಷಮೆ ಕೇಳುತ್ತಾರೆ! ವಿನಾಯಿತಿಯನ್ನು ತೆಗೆಸಿಹಾಕಿದೆ. ಮನೆಗೆ ಬಂದು ದೇವರಮನೆಯಲ್ಲಿದ್ದ ಪೊಟ್ಟಣಗಳನ್ನೆಲ್ಲ ಬಾಚಿ ಕಸದ ಬುಟ್ಟಿಗೆ ಹಾಕಿದೆ.

"ಏನೇ ಇದು, ಹುಚ್ಚು ಹಿಡೀತಾ?" ಎಂದರು ಯಜಮಾನರು.

"ಹಿಡೀತು ಅಂತ್ಲೇ ಇಟ್ಕೊಳ್ಳಿ. ಇನ್ಮೇಲೆ ಈ ಮನೇಲಿ ದೀಪ ಸಾಕು, ಹೂವು ಸಾಕು. ಮಾದಪ್ಪನಿಗೆ ಹೊಗೆ ಬೇಕೇ ಬೇಕು ಅಂತ ಯಾರ್ ಹೇಳಿದ್ದು?"

"ಮಗು ಎಷ್ಟು ಭಕ್ತಿಯಿಂದ..."

"ಆ ಮಗೂಗೋಸ್ಕರಾನೇ ರೀ!"

ಮಾದು ಮೆಟ್ಟಿಲ ಮೇಲೆ ನಿಂತಿದ್ದ. ಅವನ ಚೀಲದಲ್ಲಿದ್ದ ಪೊಟ್ಟಣವನ್ನೂ ಕಿತ್ತುಕೊಂಡೆ. "ಇನ್ನು ಊದುಬತ್ತಿ ಹಚ್ಚಿದ್ರೂ ಗಂಟೆ ಹೊಡೆಯುತ್ತೆ ಕಣೋ. ನಿನ್ನ ಒಳ್ಳೇದಕ್ಕೇ" ಎಂದೆ. ಕೂಗಾಡುತ್ತಾನೆ, ದೇವರ ವಿಷಯಕ್ಕೆ ಬರಬೇಡ ಎನ್ನುತ್ತಾನೆ ಎಂದುಕೊಂಡಿದ್ದೆ. ಅವನು ತಿರುಗಿ ಮಹಡಿ ಹತ್ತಿದ. ಮುಖ ಮಾತ್ರ ಸುಣ್ಣದ ಗೋಡೆಯಂತೆ ಬೆಳ್ಳಗಾಗಿತ್ತು. ಮರುದಿನ ಉಪ್ಪಿಟ್ಟು ತಿನ್ನಲಿಲ್ಲ. ಅದರ ಮರುದಿನ ಅವನ ಕೈ ನಡುಗುತ್ತಿತ್ತು. ತಲೆನೋವು ಎಂದ. ಚಾರ್ಜರ್ ಸಿಗಲಿಲ್ಲವೆಂದು ಅಪ್ಪನ ಮೇಲೆ ರೇಗಿ ಬಾಗಿಲು ದಢಾರನೆ ಹಾಕಿಕೊಂಡ. ಅಪ್ಪನಿಗೆ ಎದುರು ಮಾತಾಡದ ಹುಡುಗ.

ಗಂಟೆ ಬಾರಿಸಿದಾಗ ನಾನು ನಿಯಂತ್ರಣ ಕೊಠಡಿಯಲ್ಲೇ ಇದ್ದೆ. ವಿನಾಯಿತಿ ತೆಗೆಸಿದ ಮೇಲೆ ಬೆಳಗಿನ ಪೂಜೆಯ ಗಂಟೆಗಳೆಲ್ಲ ವಾಪಸ್ಸು ಬಂದಿದ್ದವು. ಆದರೆ ಅವೆಲ್ಲ ಅಷ್ಟು ಹೊತ್ತಿಗೆ ಮುಗಿದಿದ್ದವು. ಬಿಸಿಲು ಏರಿತ್ತು. ಇದು ಪೂಜೆಯ ಹೊತ್ತಲ್ಲ. ಗೋಡೆಯಲ್ಲಿ ಬಿಳಿ ಪೆಟ್ಟಿಗೆಯ ಕೆಂಪು ದೀಪ ಬಡಬಡನೆ ಹತ್ತಿ ಆರುತ್ತಿತ್ತು. ಪರದೆಯ ಮೇಲೆ ಒಂದೇ ಪದ: ತಂಬಾಕು.

ಜುಬೇರ್ ನನ್ನ ಮುಖ ನೋಡಲಿಲ್ಲ. ಆ ಒಳ್ಳೆಯ ಮನುಷ್ಯ ಎದ್ದು ಗಂಟೆ ನಿಲ್ಲಿಸಿದರು, ಅಷ್ಟೆ. ಗಂಟೆ ನಿಂತ ಮೇಲೆ ಪಕ್ಕದ ಕೋಣೆಯ ಸದ್ದು ಕೇಳಿತು. ಯಂತ್ರ ಆಗಲೇ ಆ ಹೊಗೆಯನ್ನು ಬೆರೆಸಿ ಜೋಡಿಗೆ ಕುಡಿಸತೊಡಗಿತ್ತು. ಖೊಕ್. ಖೊಕ್ ಖೊಕ್. ಖೊಕ್ ಖೊಕ್ ಖೊಕ್.

"ಹಳೇ ಪೂಜೆ ಹೊಗೇನೆಲ್ಲ ಬಿಡಿಸಿ ನೋಡ್ಲಾ ಮೇಡಂ? ಎಷ್ಟು ದಿನದಿಂದ ಅಂತ..."

"ಬೇಡ" ಎಂದೆ. "ಕಾರಿನ ಕೀ ಕೊಡಿ."

ನಾಗರಕಟ್ಟೆ ಕಾಲೇಜಿನ ಕಾಂಪೌಂಡಿನ ಆಚೆ ಇತ್ತು. ಅರಳಿಮರ, ಕಲ್ಲಿನ ಹೆಡೆಗಳು, ಅರಿಶಿನ. ಕಲ್ಲಿನ ಬುಡದಲ್ಲಿ ಉರಿದು ಮುಗಿದ ಊದುಬತ್ತಿಯ ಕಡ್ಡಿಗಳ ರಾಶಿ. ಕಡ್ಡಿಗಳ ನಡುವೆ ಸಿಗರೇಟಿನ ತುಂಡುಗಳು. ನನ್ನನ್ನು ಕಂಡ ಕೂಡಲೇ ಇಬ್ಬರು ಹುಡುಗರು ಗೋಡೆ ಹಾರಿದರು. ಮಾದು ಹಾರಲಿಲ್ಲ. ಕೊರಳಿನ ಮಣಿಗೆ ಒದ್ದೆ ಕರ್ಚೀಫು ಸುತ್ತಿಕೊಂಡು ಕೂತಿದ್ದ. ಮಣಿಯ ಬಾಯಿ ಕಟ್ಟಿದರೆ ಆಯಿತು ಎಂದುಕೊಂಡಿದ್ದನಂತೆ! ಬೆರಳ ಸಂದಿಯಲ್ಲಿ ಇನ್ನೊಂದು ಸಿಗರೇಟು ಉರಿಯುತ್ತಿತ್ತು.

ಹೊಡೆಯಲು ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಏಕೆಂದರೆ ಅವನು ಅಳುತ್ತಿದ್ದ.

"ತಡ್ಕೊಳಕ್ಕಾಗ್ಲಿಲ್ಲಮ್ಮ. ಮೂರು ದಿನ ತಡ್ಕೊಂಡೆ. ತಲೆ ಒಳಗೆ ಯಾರೋ ಕಿರುಚಿದ ಹಾಗಾಗುತ್ತೆ."

"ಯಾವತ್ತಿಂದ?"

"ರಿಸಲ್ಟ್ ಬಂದ ಮೇಲೆ ಫ್ರೆಂಡ್ಸ್ ಒಂದು ಕೊಟ್ರು. ಸುಮ್ನೆ ಒಂದು ಅಂದ್ರು. ಯಾವಾಗ ಬೇಕಾದ್ರೂ ಬಿಡಬಹುದು ಅಂದ್ಕೊಂಡೆ."

"ಊದುಬತ್ತಿ? ಮಾದಪ್ಪನ ಪಟ?"

ಅವನು ಸಿಗರೇಟನ್ನು ಕಟ್ಟೆಗೆ ಒತ್ತಿ ಆರಿಸಿದ. ಗಂಟೆಗೂ, ನನಗೂ, ಅವನಪ್ಪನ ಮೂಗಿಗೂ ಒಂದೇ ಕಡ್ಡಿಯಲ್ಲಿ ಮಣ್ಣೆರಚಿದ್ದ. ಆ ಉಪಾಯವನ್ನು ಊಟದ ಜೊತೆಗೆ ಬಡಿಸಿದವಳು ನಾನೇ.

"ಕಾರು ಹತ್ತು" ಎಂದೆ.

ಮನೆಗೆ ಹೋಗಲಿಲ್ಲ. ನೇರವಾಗಿ ಸಂಶೋಧನಾಲಯಕ್ಕೆ ಕರೆದುಕೊಂಡು ಹೋಗಿ ಬಿಳಿ ಪೆಟ್ಟಿಗೆಯ ಮುಂದೆ ನಿಲ್ಲಿಸಿ ಬಟ್ಟೆ ಸರಿಸಿದೆ. ಹೊಸ ಕಫ ಕೊಳವೆಯಲ್ಲಿ ಬುಸುಗುಡುತ್ತಿತ್ತು. ಜೋಡಿಯ ಒಂದು ಬದಿ ಹಳೆಯ ಬಾಣಲೆಯ ತಳದಂತೆ ಕಪ್ಪಾಗಿತ್ತು. ಕಪ್ಪಿನ ನಡುವೆ ಹಿಂದಿನ ದಿನ ಇರದಿದ್ದ ಒಂದು ಬಿಳಿ ಗಡ್ಡೆ ಎದ್ದಿತ್ತು. ಅದೇನೆಂದು ನನಗೂ ಗೊತ್ತು, ಜುಬೇರ್‌ಗೂ ಗೊತ್ತು. ಇಬ್ಬರೂ ಹೆಸರು ಹೇಳಲಿಲ್ಲ.

"ಇದು ಯಾರದಮ್ಮ?" ಎಂದ ಮಾದು. ಅವನಿಗೆ ಗೊತ್ತಿತ್ತು. ಆದರೂ ಕೇಳಿದ.

ಜೋಡಿ ಕೆಮ್ಮಿತು. ಮಾದು ಬೆಚ್ಚಿ ನನ್ನ ತೋಳು ಹಿಡಿದುಕೊಂಡ. ಚಿಕ್ಕವನಿದ್ದಾಗ ಜಂಬೂಸವಾರಿಯ ಕುಶಾಲತೋಪಿನ ಸದ್ದಿಗೆ ಹೀಗೆಯೇ ಹಿಡಿದುಕೊಳ್ಳುತ್ತಿದ್ದ.

"ಅದಕ್ಕೆ ನೋವಾಗುತ್ತಾ?"

"ಇಲ್ಲ ಕಂದ. ಅದಕ್ಕೆ ನೋವು ತಿಳಿಯೋ ನರಗಳಿಲ್ಲ."

ಅವನು ಗಾಜಿಗೆ ಬೆರಳು ತಾಕಿಸಿದ.

"ನಂಗಾಗುತ್ತಾ?"

ಎಷ್ಟೋ ಸಭೆಗಳಲ್ಲಿ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಕೊಟ್ಟವಳು ನಾನು. ಈ ಒಂದೇ ಪದದ ಪ್ರಶ್ನೆ ಬಂದಾಗ ಜುಬೇರ್ ಕಡೆ ತಿರುಗಿದೆ. ಜುಬೇರ್ ಕುರ್ಚಿ ಎಳೆದು ಅವನನ್ನು ಕೂರಿಸಿ, ತಮ್ಮನಿಗೆ ಹೇಳುವಂತೆ ಹೇಳಿದರು.

"ನೋಡು ಮಾದು, ಇದು ನಿನ್ನ ನಾಳೆ ಅಲ್ಲ. ಈ ಚಟದ ನಾಳೆ. ನೀನು ಹೀಗೇ ಸೇದ್ತಾ ಹೋದ್ರೆ ನಲವತ್ತೈದರ ಹೊತ್ತಿಗೆ ನಿನ್ನೊಳಗೆ ಏನಾಗಬಹುದು ಅಂತ ಇದು ತೋರಿಸ್ತಿದೆ. ಇವತ್ತು ಬಿಟ್ರೆ ನಿನ್ನ ಶ್ವಾಸಕೋಶಕ್ಕೆ ಇನ್ನೂ ಟೈಮಿದೆ. ನಿನ್ನ ವಯಸ್ಸಲ್ಲಿ ಅದು ತನ್ನನ್ನ ತಾನೇ ಎಷ್ಟೋ ರಿಪೇರಿ ಮಾಡ್ಕೊಳ್ಳುತ್ತೆ."

"ಇವತ್ತಿಂದ ನಾನು ಒಳ್ಳೇ ಗಾಳಿ ಎಳ್ಕೊಂಡ್ರೆ ಇದಕ್ಕೂ ಒಳ್ಳೇ ಗಾಳಿ ಬರುತ್ತಲ್ವಾ ಸರ್? ಇದೂ ಸರಿಹೋಗುತ್ತಾ?"

ಜುಬೇರ್ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

"ಇದಕ್ಕೆ ತಡವಾಗಿದೆ" ಎಂದರು ಜುಬೇರ್.

ಬಿಡುತ್ತೇನೆ ಎಂದ. ಹಾಗೆನ್ನುವುದು ಸುಲಭ. ಆ ವಯಸ್ಸಿನ ಮಿದುಳು ಇನ್ನೂ ಹಸಿ ಗೋಡೆ. ನಿಕೋಟಿನ್ ಒಮ್ಮೆ ಅಲ್ಲಿ ಬೆರಳೂರಿದರೆ ಗುರುತು ಬೇಗ ಹೋಗುವುದಿಲ್ಲ. ಡಾಕ್ಟರರ ಬಳಿ ಹೋದೆವು, ಔಷಧಿ ತಂದೆವು. ಆದರೂ ರಾಗಿಮುದ್ದೆಯ ತಟ್ಟೆ ಗೋಡೆಗೆ ಬಡಿಯಿತು. "ನಿಮ್ಗೇನ್ ಗೊತ್ತು, ನಿಮ್ಗೇನ್ ಗೊತ್ತು" ಎಂದು ಅಪ್ಪನ ಎದೆಗೆ ಗುದ್ದಿದ. ಯಜಮಾನರು ಗುದ್ದಿಸಿಕೊಂಡು, ಅವನನ್ನು ಹಾಗೇ ತಬ್ಬಿಕೊಂಡು ನಿಂತರು. ಮಾದಪ್ಪನ ಪಟ ಕೆಳಗೆ ಬಂದು ಮೊದಲಿನ ಜಾಗ ಸೇರಿತು. ಊದುಬತ್ತಿ ಮಾತ್ರ ಮತ್ತೆ ಬರಲಿಲ್ಲ. ಆ ಪರಿಮಳ ಬೀದಿಯಲ್ಲಿ ತೇಲಿ ಬಂದರೂ ನಾನು ಎದ್ದು ಕಿಟಕಿ ಮುಚ್ಚುತ್ತಿದ್ದೆ.

ಕಾಲೇಜು ಮುಗಿದ ಮೇಲೆ ಮಾದು ಸೀದಾ ಸಂಶೋಧನಾಲಯಕ್ಕೆ ಬರತೊಡಗಿದ. ಬೇಡವೆಂದರೂ ಬರುತ್ತಿದ್ದ. ಪೆಟ್ಟಿಗೆಯ ಮುಂದೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. ಸೇದಬೇಕೆನಿಸಿದಾಗಲೆಲ್ಲ ಕೊರಳಿನ ಮಣಿಯನ್ನು ಮುಷ್ಟಿಯಲ್ಲಿ ಹಿಡಿದು, ಬಾಯಿ ಬಿಟ್ಟು ದೀರ್ಘವಾಗಿ ಉಸಿರೆಳೆಯುತ್ತಿದ್ದ. "ಅದಕ್ಕೂ ಹೋಗ್ಲಿ ಅಂತ" ಎನ್ನುತ್ತಿದ್ದ. ಸಾಯುತ್ತಿರುವ ಯಾರದೋ ಬಾಯಿಗೆ ನೀರು ಬಿಡುವವರ ಮುಖ ಹಾಗಿರುತ್ತದೆ. ಆ ಯಾರೋ ನನ್ನ ಮಗನೇ, ನೀರು ಬಿಡುವವನೂ ನನ್ನ ಮಗನೇ! ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತು ಬರುತ್ತಿದ್ದೆ.

ಬಿಳಿ ಗಡ್ಡೆ ಬೆಳೆಯಿತು. ಗಾಳಿಚೀಲಗಳು ಒಂದೊಂದಾಗಿ ಒಡೆದು, ಹಿಗ್ಗಿ, ಉಸಿರನ್ನು ಒಳಗೆ ತೆಗೆದುಕೊಂಡರೂ ಹೊರಗೆ ಬಿಡಲಾರದಾದವು. ಕೆಮ್ಮು ಕಡಿಮೆಯಾಯಿತು. ಮಾದು ಆಸೆಯಿಂದ, "ವಾಸಿ ಆಗ್ತಿದೆ ಅಲ್ವಾಮ್ಮ?" ಎಂದ. ಕೆಮ್ಮಲೂ ಶಕ್ತಿ ಉಳಿದಿಲ್ಲವೆಂದು ಯಾವ ಬಾಯಿಂದ ಹೇಳಲಿ? ಒಂದು ಸಂಜೆ ಅವನು ಎದುರಿಗಿದ್ದಾಗಲೇ ಅದು ಉಸಿರು ಎಳೆದುಕೊಂಡಿತು. ಬಿಡಲಿಲ್ಲ. ಯಂತ್ರ ಸುಮ್ಮನೆ ಗಾಳಿ ಒತ್ತುತ್ತಲೇ ಇತ್ತು. ಮಾದು ಗಾಜಿಗೆ ಕೈಯೂರಿ, ಬಿಡು, ಬಿಡು ಎಂದು ಪಿಸುಗುಟ್ಟುತ್ತಿದ್ದ. ಜುಬೇರ್ ಬಂದು ಯಂತ್ರ ಆರಿಸಿದರು.

ಅಂದಿನಿಂದ ನಮ್ಮ ಮನೆಯಲ್ಲಿ ಎಲ್ಲರ ಕಿವಿಯೂ ಅವನ ಗಂಟಲ ಮೇಲೆಯೇ. ಒಗ್ಗರಣೆಯ ಘಾಟಿಗೆ ಅವನು ಕೆಮ್ಮಿದರೂ ನಾನು ಸೌಟು ಬಿಟ್ಟು ಓಡುತ್ತೇನೆ. ಮಣಿಯನ್ನು ಬಿಚ್ಚಬಹುದು ಎಂದೆ. ಅವನು ಬಿಚ್ಚಲಿಲ್ಲ. ಈಗ ಅದರ ಆಚೆ ತುದಿಯಲ್ಲಿ ಜೋಡಿ ಇಲ್ಲ, ಗಂಟೆ ಮಾತ್ರ ಇದೆ. ಅದು ಈವರೆಗೆ ಮತ್ತೆ ಬಾರಿಸಿಲ್ಲ. ನಾಳೆಯ ಮಾತು ನನಗೆ ಗೊತ್ತಿಲ್ಲ.

ಸತ್ತ ಜೋಡಿಯನ್ನು ದ್ರವದಲ್ಲಿಟ್ಟು ಸಂಶೋಧನಾಲಯದ ಮುಂಭಾಗದ ಕೋಣೆಯಲ್ಲಿ ಇಟ್ಟಿದ್ದಾರೆ. ಕಾಲೇಜು ಹುಡುಗರು ಗುಂಪು ಗುಂಪಾಗಿ ನೋಡಲು ಬರುತ್ತಾರೆ. ಶನಿವಾರ ಅಲ್ಲಿ ನಿಂತು ವಿವರಿಸುವವನು ಮಾದು. ಅದು ಅವನೇ ಕೇಳಿ ಪಡೆದ ಕೆಲಸ. ಮೊನ್ನೆ ಒಂದು ಗುಂಪು ಬಂತು. ನಾನು ನೀರಿನ ಲೋಟ ಹಿಡಿದು ಬಾಗಿಲ ಹೊರಗೆ ನಿಂತಿದ್ದೆ. ಎಲ್ಲರಲ್ಲೂ ನಗು, ತಳ್ಳಾಟ, ಸೆಲ್ಫಿ. ಹುಡುಗಿಯೊಬ್ಬಳು ಮೂಗು ಮುರಿದು ಗೆಳತಿಗೆ ಹೇಳಿದಳು, "ಛೀ, ಯಾವ್ದೋ ಮುದುಕಂದು ಇರ್ಬೇಕು ಕಣೇ."

"ನಂದು" ಎಂದ ಮಾದು.

"ಸುಮ್ನಿರಿ ಅಣ್ಣ, ತಮಾಷೆ ಮಾಡ್ಬೇಡಿ" ಎಂದು ಒಬ್ಬ ಹುಡುಗ ನಕ್ಕ. ಮಾದು ಅಂ​ಗಿಯ ಕಾಲರು ಸರಿಸಿ ಮಣಿ ತೋರಿಸಿದ. ಪೆಟ್ಟಿಗೆಯ ಮೇಲಿನ ಬಿಳಿ ಚೀಟಿಯಲ್ಲಿದ್ದ ಹೆಸರು ತೋರಿಸಿದ. ತನ್ನ ಕಾಲೇಜು ಐಡಿ ಕಾರ್ಡ್ ತೆಗೆದು ಅದರ ಪಕ್ಕ ಹಿಡಿದ. ನಗು ನಿಂತಿತು. ನಕ್ಕ ಹುಡುಗನ ಕೈ ಅವನಿಗೇ ತಿಳಿಯದಂತೆ ತನ್ನ ಪ್ಯಾಂಟಿನ ಜೇಬನ್ನು ಮುಚ್ಚಿಕೊಂಡಿತು.

ಆಗ ಮಾದು ಕೆಮ್ಮಿದ. ಒಂದೇ ಒಂದು ಸಲ.

ಅಷ್ಟೂ ಮಕ್ಕಳು ಒಟ್ಟಿಗೆ ಮೊದಲು ಗಾಜಿನ ಕಡೆ ನೋಡಿದರು, ಆಮೇಲೆ ಅವನ ಕಡೆ. ನಾನು ಒಳಗೆ ನುಗ್ಗಿದ್ದೆ.

"ಧೂಳಮ್ಮ, ಬರೀ ಧೂಳು" ಎಂದ. ನಗುತ್ತಲೇ ಹೇಳಿದ. ಆದರೆ ಅವನ ಒಂದು ಕೈ ಎದೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ನನ್ನ ಕೈಯಲ್ಲಿದ್ದ ನೀರು ಸೀರೆಯ ಮೇಲೆಲ್ಲ ಚೆಲ್ಲಿತ್ತು.